ಬಿಸಿಲನ್ನು ಅಳೆದು ನೋಡಿದವರು

ಬಿತ್ತನೆಗೆ ಮುಂಚೆ ನೀವು ಏನು ಮಾಡುತ್ತೀರಿ? ಒದ್ದೆ ಗೋಣಿತಾಟಿನ ಮೇಲೆ ನೂರು ಕಾಳು ಎಣಿಸಿಟ್ಟು, ಸುರುಳಿ ಸುತ್ತಿ, ನಾಲ್ಕಾರು ದಿನ ಬಿಟ್ಟು ಬಿಚ್ಚಿ ನೋಡುತ್ತೀರಿ. ತೊಂಬತ್ತು ಮೊಳೆತರೆ ಬೀಜ ಒಳ್ಳೇದು. ಐವತ್ತೇ ಮೊಳೆತರೆ ಅಂಗಡಿಗೆ ವಾಪಸು. ಚೀಲದ ಮೇಲೆ ಏನೇ ಅಚ್ಚಾಗಿರಲಿ, ಕಾಳು ಹೇಳಿದ್ದೇ ನಿಜ. ಈ ಮಾತನ್ನು ನಾನೇ ನಿಮಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ಹೇಳುವವನೇ ಒಂದು ಸಲ ಅದನ್ನು ಮರೆತ. ಆ ಕಥೆಯಿಂದಲೇ ಶುರುಮಾಡುತ್ತೇನೆ.

ಮೂರು ವರ್ಷದ ಹಿಂದಿನ ಮಾತು. ನನ್ನ ವೃತ್ತದ ಒಂದು ಹಳ್ಳಿಯಲ್ಲಿ ಸಂಜೆ ಹೊತ್ತು ಕರೆಂಟು ಹೋಗುತ್ತಿತ್ತು. ಒಬ್ಬ ರೈತರ ಮಗಳು ಎಸ್.ಎಸ್.ಎಲ್.ಸಿ. ಓದುತ್ತಿದ್ದಳು. 'ಏನಾದ್ರೂ ದಾರಿ ಹೇಳಿ ಸ್ವಾಮಿ' ಅಂದರು. 'ಒಂದು ನಲವತ್ತು ವ್ಯಾಟಿನ ಸೋಲಾರ್ ಪ್ಲೇಟು, ಒಂದು ಬ್ಯಾಟರಿ ಹಾಕಿಸಿ, ಎರಡು ದೀಪ ಧಾರಾಳವಾಗಿ ಉರೀತಾವೆ' ಅಂದೆ. ಆ ಪುಣ್ಯಾತ್ಮರು ಎರಡು ಕುರಿ ಮಾರಿ ಹಾಕಿಸಿದರು. ಮೊದಲ ತಿಂಗಳು ಚೆನ್ನಾಗಿತ್ತು. ಮೂರನೆಯ ತಿಂಗಳಿಗೆ ದೀಪ ಒಂದು ಗಂಟೆ ಉರಿದು ಮಂಕಾಗತೊಡಗಿತು. ಪರೀಕ್ಷೆಯ ದಿನಗಳಲ್ಲಿ ಹುಡುಗಿ ಮೇಣದ ಬತ್ತಿಯ ಬೆಳಕಿನಲ್ಲೇ ಓದಿದಳು. 'ನೀವೇ ಹೇಳಿದ್ರಲ್ಲ' ಎಂದು ಅವರು ಕೇಳಿದಾಗ ನನ್ನ ಬಾಯಲ್ಲಿ ಉತ್ತರವಿರಲಿಲ್ಲ. ಏಕೆಂದರೆ ನಾನು ಏನನ್ನೂ ಅಳೆದಿರಲಿಲ್ಲ.

ಆ ಮೇಲೆ, ಈ ಫಲಕವನ್ನು ಕಂಡುಹಿಡಿದವರು ಹೇಗೆ ನಡೆದುಕೊಂಡರು ಎಂದು ಓದಿ ತಿಳಿದೆ. ಅವರ ಚರಿತ್ರೆಯೆಲ್ಲ ಒಂದೇ ಗಾದೆಯಲ್ಲಿ ಅಡಗಿದೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.

1839ರಲ್ಲಿ ಫ್ರಾನ್ಸ್ ದೇಶದ ಎಡ್ಮಂಡ್ ಬೆಕೆರೆಲ್ ಎಂಬ ಹತ್ತೊಂಬತ್ತು ವರ್ಷದ ಯುವಕ ತಂದೆಯ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿದ್ದ. ದ್ರಾವಣದಲ್ಲಿ ಮುಳುಗಿಸಿದ ಲೋಹದ ತಗಡುಗಳ ಮೇಲೆ ಬೆಳಕು ಬಿದ್ದಾಗ ವಿದ್ಯುತ್ತು ಹುಟ್ಟುವುದನ್ನು ಅವನು ಕಂಡ. ಕಂಡದ್ದೇನೋ ಸರಿ, ಉಪಯೋಗಕ್ಕೆ ಬರಲಿಲ್ಲ. ಮುಂದೆ 1873ರಲ್ಲಿ ಇಂಗ್ಲೆಂಡಿನ ವಿಲೋಬಿ ಸ್ಮಿತ್ ಎಂಬ ತಂತ್ರಜ್ಞರು ಸಮುದ್ರದಡಿಯ ತಂತಿಗಳನ್ನು ಪರೀಕ್ಷಿಸಲು ಸೆಲೆನಿಯಂ ಎಂಬ ಧಾತುವಿನ ಕಡ್ಡಿಗಳನ್ನು ಬಳಸುತ್ತಿದ್ದರು. ಅಳತೆ ದಿನಕ್ಕೊಂದು ಬಗೆ ಬರುತ್ತಿತ್ತು. ಬೇರೆಯವರಾಗಿದ್ದರೆ 'ಮಾಲು ಸರಿಯಿಲ್ಲ' ಎಂದು ಎಸೆದುಬಿಡುತ್ತಿದ್ದರೋ ಏನೋ. ಅವರು ಹಾಗೆ ಮಾಡಲಿಲ್ಲ. ಬೆಳಕು ಬಿದ್ದಾಗ ಸೆಲೆನಿಯಂ ವಿದ್ಯುತ್ತನ್ನು ಹೆಚ್ಚು ಹರಿಯಬಿಡುತ್ತದೆ, ಕತ್ತಲಲ್ಲಿ ಬಿಗಿಹಿಡಿಯುತ್ತದೆ ಎಂಬ ಗುಟ್ಟನ್ನು ಹಿಡಿದರು.

ಮೂರು ವರ್ಷಕ್ಕೆ, ಅಂದರೆ 1876ರಲ್ಲಿ, ಲಂಡನ್ನಿನ ಪ್ರಾಧ್ಯಾಪಕ ಆಡಮ್ಸ್ ಮತ್ತು ಅವರ ಶಿಷ್ಯ ಡೇ ಸೆಲೆನಿಯಂ ಮುಂದೆ ಉರಿಯುವ ಮೇಣದ ಬತ್ತಿ ಇಟ್ಟು ನೋಡಿದರು. ಮುಳ್ಳು ಆಡಿತು! ಆದರೆ ಇದು ಬೆಳಕಿನ ಕೆಲಸವೋ, ಬತ್ತಿಯ ಶಾಖದ ಕೆಲಸವೋ? ಬತ್ತಿಗೂ ಸೆಲೆನಿಯಂಗೂ ನಡುವೆ ಮರೆ ಹಿಡಿದರು. ಮುಳ್ಳು ತಟ್ಟನೆ ಕೆಳಗಿಳಿಯಿತು. ಶಾಖವಾಗಿದ್ದರೆ ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ ನಿಧಾನವಾಗಿ ಆರಬೇಕಿತ್ತು. ಆದ್ದರಿಂದ ಇದು ಬೆಳಕಿನದೇ ಕೆಲಸ ಎಂದು ತೀರ್ಮಾನಿಸಿದರು. ನೋಡಿದಿರಾ, ಒಂದು ಬತ್ತಿ, ಒಂದು ಮರೆ. ಇಷ್ಟರಲ್ಲೇ ಎಂಥ ಪರೀಕ್ಷೆ!

1880ರ ದಶಕದಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಫ್ರಿಟ್ಸ್ ಎಂಬುವರು ಸೆಲೆನಿಯಂ ಮೇಲೆ ಚಿನ್ನದ ತೆಳು ಪೊರೆ ಹಾಸಿ ಫಲಕವನ್ನೇ ಕಟ್ಟಿದರು. ಆದರೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಮಾತ್ರ ವಿದ್ಯುತ್ತಾಯಿತು. ನೂರು ಕಾಳಿಗೆ ಒಂದು ಮೊಳಕೆ ಅಂದ ಹಾಗೆ!

ಇನ್ನು ನಮ್ಮ ಕಥೆಯ ಮುಖ್ಯ ಭಾಗಕ್ಕೆ ಬರೋಣ. 1950ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಶಾಲೆಗೆ ಒಂದು ತೊಂದರೆ ಎದುರಾಗಿತ್ತು. ಸೆಕೆಯ, ತೇವದ ಸೀಮೆಗಳಲ್ಲಿ ಟೆಲಿಫೋನಿಗೆ ಹಾಕಿದ ಒಣ ಬ್ಯಾಟರಿಗಳು ಬೇಗ ಕೆಟ್ಟುಹೋಗುತ್ತಿದ್ದವು. ಪರ್ಯಾಯ ಹುಡುಕುವ ಕೆಲಸ ಡ್ಯಾರಿಲ್ ಚಾಪಿನ್ ಎಂಬ ಇಂಜಿನಿಯರರ ಪಾಲಿಗೆ ಬಂತು. ಅವರು ಮೊದಲು ಸೆಲೆನಿಯಂ ಫಲಕವನ್ನೇ ಬಿಸಿಲಿಗಿಟ್ಟು ಅಳೆದರು. ಒಂದು ಚದರ ಮೀಟರಿಗೆ ಸಿಕ್ಕಿದ್ದು ಸುಮಾರು 5 ವ್ಯಾಟು. ನೂರಕ್ಕೆ ಅರ್ಧ ಪಾಲೂ ಇಲ್ಲ.

ಅದೇ ಪ್ರಯೋಗಶಾಲೆಯಲ್ಲಿ ಕ್ಯಾಲ್ವಿನ್ ಫುಲ್ಲರ್ ಎಂಬ ರಸಾಯನಶಾಸ್ತ್ರಜ್ಞರೂ ಜೆರಾಲ್ಡ್ ಪಿಯರ್‌ಸನ್ ಎಂಬ ಭೌತಶಾಸ್ತ್ರಜ್ಞರೂ ಮರಳಿನಿಂದ ದೊರೆಯುವ ಸಿಲಿಕಾನ್ ಮೇಲೆ ಬೇರೆ ಕೆಲಸ ನಡೆಸಿದ್ದರು. ಒಂದು ಸಿಲಿಕಾನ್ ತುಂಡಿಗೆ ದೀಪದ ಬೆಳಕು ಬಿಟ್ಟಾಗ ಮಾಪಕದ ಮುಳ್ಳು ನಿರೀಕ್ಷೆ ಮೀರಿ ನೆಗೆಯಿತು. ಪಿಯರ್‌ಸನ್ ನೇರವಾಗಿ ಚಾಪಿನ್ ಹತ್ತಿರ ಹೋಗಿ, ಸೆಲೆನಿಯಂ ಬಿಟ್ಟುಬಿಡಿ ಎಂದು ಸಲಹೆ ಕೊಟ್ಟರು. ಆದರೂ ಕೂಡಲೇ ಗೆಲುವು ಬರಲಿಲ್ಲ. ಸಿಲಿಕಾನಿಗೆ ಬೆರೆಸಿದ ಲಿಥಿಯಂ ನಿಂತಲ್ಲಿ ನಿಲ್ಲದೆ ಒಳಗೊಳಗೇ ಸರಿಯುತ್ತಿತ್ತು. ಬೇರೆ ಬೇರೆ ಧಾತುಗಳನ್ನು ಬೆರೆಸಿ, ಪ್ರತಿಸಲವೂ ಅಳೆದು, ಕೊನೆಗೆ ನೂರಕ್ಕೆ 6 ಪಾಲಿಗೆ ಮುಟ್ಟಿದರು. 1954ರ ಏಪ್ರಿಲ್ 25ರಂದು ಆ ಫಲಕವನ್ನು ಜನರೆದುರು ಇಟ್ಟು, ಅದರ ಬಲದಿಂದ ಜಾತ್ರೆಯ ತಿರುಗುಚಕ್ರದಂಥ ಒಂದು ಆಟಿಕೆಯನ್ನು ತಿರುಗಿಸಿ ತೋರಿಸಿದರು.

ಆಟಿಕೆ ತಿರುಗಿದರೆ ಸಾಕೇ? ಮಳೆ, ಗಾಳಿ, ರಾತ್ರಿ ಇವಕ್ಕೆಲ್ಲ ತಡೆಯಬೇಡವೇ? ಈ ಪರೀಕ್ಷೆಗೆ ಅವರು ಆರಿಸಿಕೊಂಡದ್ದು ನಗರವನ್ನಲ್ಲ. ಜಾರ್ಜಿಯಾ ಸಂಸ್ಥಾನದ ಅಮೆರಿಕಸ್ ಎಂಬ ಸಣ್ಣ ಊರಿನ ಸುತ್ತಣ ಹಳ್ಳಿಗಾಡನ್ನು. ಕಡಲೆಕಾಯಿ, ಹತ್ತಿ ಬೆಳೆಯುವ ಸೀಮೆ ಅದು. 1955ರ ಅಕ್ಟೋಬರಿನಲ್ಲಿ ಟೆಲಿಫೋನ್ ಕಂಬದ ತುದಿಗೆ ಫಲಕವನ್ನು ಕಟ್ಟಿದರು. ಹಗಲು ಬಿಸಿಲಿನಿಂದ ತಂತಿಗೆ ವಿದ್ಯುತ್ತು, ಮಿಕ್ಕಿದ್ದು ಬ್ಯಾಟರಿಗೆ. ರಾತ್ರಿಗೂ ಮೋಡದ ದಿನಕ್ಕೂ ಆ ಬ್ಯಾಟರಿಯೇ ಆಧಾರ. ನಿಮ್ಮ ಮನೆಯ ಮೇಲಿನ ಫಲಕ, ಒಳಗಿನ ಬ್ಯಾಟರಿ, ಈ ಜೋಡಿ ಅಲ್ಲಿ ಹಳ್ಳಿಯ ಹೊಲದ ಬದಿಯಲ್ಲೇ ಪರೀಕ್ಷೆಗೆ ನಿಂತಿತು ಅನ್ನಬಹುದು.

ಫಲಿತಾಂಶ ಏನಾಯಿತು? ಫಲಕ ಕೆಲಸ ಮಾಡಿತು. ಲೆಕ್ಕ ಕೆಲಸ ಮಾಡಲಿಲ್ಲ. ಖರ್ಚು ವಿಪರೀತವಾಗಿತ್ತು. 1956ರಲ್ಲಿ ಚಾಪಿನ್ ಅವರೇ ಕೂತು ಲೆಕ್ಕ ಹಾಕಿದರು: ಒಂದು ವ್ಯಾಟಿಗೆ 286 ಡಾಲರು, ಅಂದರೆ ಅಂದಿನ ಸುಮಾರು 1,360 ರೂಪಾಯಿ. ಒಂದು ಸಾಧಾರಣ ಅಮೆರಿಕನ್ ಮನೆಗೆ ಬೇಕಾದಷ್ಟು ಫಲಕಕ್ಕೆ 14 ಲಕ್ಷ 30 ಸಾವಿರ ಡಾಲರು! ತಾವೇ ಹೆತ್ತ ಕೂಸಿನ ಕುಂದನ್ನು ತಾವೇ ಎಣಿಸಿ ಹೇಳಿದ ಆ ಪ್ರಾಮಾಣಿಕತೆಯನ್ನು ನಾವು ಮೆಚ್ಚಬೇಕು.

ಭೂಮಿಯ ಮೇಲೆ ಸೋತ ಫಲಕ ಆಕಾಶದಲ್ಲಿ ಗೆದ್ದಿತು. 1958ರ ಮಾರ್ಚ್ 17ರಂದು ಹಾರಿಸಿದ ವ್ಯಾನ್‌ಗಾರ್ಡ್ ಎಂಬ ಒಂದೂವರೆ ಕಿಲೋ ತೂಕದ ಉಪಗ್ರಹದಲ್ಲಿ ಎರಡು ರೇಡಿಯೋ ಪ್ರೇಷಕಗಳಿದ್ದವು. ಒಂದಕ್ಕೆ ಬ್ಯಾಟರಿ, ಇನ್ನೊಂದಕ್ಕೆ ಸಿಲಿಕಾನ್ ಕೋಶ. ಒಂದೇ ಗದ್ದೆಯಲ್ಲಿ ಎರಡು ತಳಿ ಹಾಕಿ ಹೋಲಿಸುತ್ತೇವಲ್ಲ, ಹಾಗೆ. ಬ್ಯಾಟರಿಯದು ಅದೇ ವರ್ಷ ಜೂನ್ ಹೊತ್ತಿಗೆ ನಿಂತಿತು. ಬಿಸಿಲಿನದು 1964ರ ಮೇ ತಿಂಗಳವರೆಗೆ ಮಾತಾಡುತ್ತಲೇ ಇತ್ತು. ಫಲಕ ಗಟ್ಟಿ, ಬ್ಯಾಟರಿ ಬಡವ. ಈ ಮಾತನ್ನು ಗಂಟು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತೆ.

ಮುಂದಿನ ವರ್ಷಗಳಲ್ಲಿ ಬೆಲೆ ಇಳಿಯುತ್ತ ಬಂತು. 1970ರ ದಶಕದಲ್ಲಿ ಎಲಿಯಟ್ ಬರ್ಮನ್ ಎಂಬ ಶಾಸ್ತ್ರಜ್ಞರು ಅಗ್ಗದ ಸಿಲಿಕಾನ್ ಬಳಸಿ ವ್ಯಾಟಿನ ಬೆಲೆಯನ್ನು ಸುಮಾರು 100 ಡಾಲರಿನಿಂದ 20ಕ್ಕೆ ಇಳಿಸಿದರು. ನಮ್ಮ ಕನ್ನಡ ನಾಡು 1902ರಲ್ಲೇ ಶಿವನಸಮುದ್ರದ ನೀರಿನಿಂದ ಕೋಲಾರದ ಗಣಿಗೆ ವಿದ್ಯುಚ್ಛಕ್ತಿ ಕೊಟ್ಟ ನಾಡು. ಆದರೂ ಎಷ್ಟೋ ಹಳ್ಳಿಗಳಿಗೆ ತಂತಿ ಬರಲು ದಶಕಗಳೇ ಹಿಡಿದವು. 1995ರಲ್ಲಿ ಬೆಂಗಳೂರಿನಲ್ಲಿ ಶ್ರೀ ಹರೀಶ್ ಹಂದೆಯವರು ಸಹವರ್ತಿಯೊಡನೆ ಸೆಲ್ಕೊ ಸಂಸ್ಥೆ ಆರಂಭಿಸಿ, ಬ್ಯಾಂಕು ಸಾಲದ ಕಂತಿನ ಮೇಲೆ ಬಡ ಮನೆಗಳಿಗೆ ಸೂರ್ಯದೀಪ ಮುಟ್ಟಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಂದು ಒಳ್ಳೆಯ ಫಲಕ ನೂರಕ್ಕೆ 20 ಪಾಲಿಗೂ ಹೆಚ್ಚು ಬಿಸಿಲನ್ನು ವಿದ್ಯುತ್ತಾಗಿಸುತ್ತದೆ, ವ್ಯಾಟಿಗೆ ನೂರು ರೂಪಾಯಿಗೂ ಕಡಿಮೆಗೆ ಸಿಗುತ್ತದೆ.

ಅಂದ ಹಾಗೆ, ಆ ಅಮೆರಿಕಸ್ ಊರಿನಿಂದ ಹತ್ತು ಮೈಲಿ ದೂರದಲ್ಲಿ ಪ್ಲೇನ್ಸ್ ಎಂಬ ಹಳ್ಳಿಯಿದೆ. 1955ರಲ್ಲಿ ಅಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದ ಜಿಮ್ಮಿ ಕಾರ್ಟರ್ ಎಂಬ ರೈತರು ಮುಂದೆ ಅಮೆರಿಕದ ಅಧ್ಯಕ್ಷರಾದರು. 2017ರಲ್ಲಿ ಅವರ ಹತ್ತು ಎಕರೆ ಹೊಲದಲ್ಲಿ ಸೂರ್ಯಫಲಕಗಳು ನಿಂತು, ಊರಿಗೆ ಬೇಕಾದ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚನ್ನು ಕೊಡತೊಡಗಿದವು. ಖರ್ಚು ಗಿಟ್ಟಲಿಲ್ಲವೆಂದು ಬಿಟ್ಟ ಸೀಮೆಗೇ ಅರವತ್ತು ವರ್ಷದ ಮೇಲೆ ಫಲಕ ಮರಳಿ ಬಂತು.

ಸರಿ, ಈಗ ನಮ್ಮ ಮಾಳಿಗೆಗೆ ಬರೋಣ. ಫಲಕದ ಬೆನ್ನಿನ ಮೇಲೆ '40 ವ್ಯಾಟು' ಎಂದಿರುತ್ತದೆ. ಸುಳ್ಳಲ್ಲ, ಆದರೆ ಅದು ಕಾರ್ಖಾನೆಯ ಪರೀಕ್ಷೆಯ ಮಾತು. ಚದರ ಮೀಟರಿಗೆ 1,000 ವ್ಯಾಟಿನ ಬೆಳಕು ಬಿಟ್ಟು, ಕೋಶವನ್ನು 25 ಡಿಗ್ರಿ ತಂಪಿನಲ್ಲಿ ಇಟ್ಟು ಅಳೆದದ್ದು. ನಮ್ಮ ಬೇಸಿಗೆಯಲ್ಲಿ ಫಲಕ 60 ಡಿಗ್ರಿ ಕಾಯುತ್ತದೆ. ಒಂದೊಂದು ಡಿಗ್ರಿಗೂ ನೂರಕ್ಕೆ ಸುಮಾರು 0.4 ಪಾಲು ನಷ್ಟ. ಒಟ್ಟು ನೂರಕ್ಕೆ 14. ಬ್ಯಾಟರಿ, ತಂತಿ, ಧೂಳು ಇವೂ ತಮ್ಮ ತಮ್ಮ ಪಾಲು ಎತ್ತುತ್ತವೆ. ಆದ್ದರಿಂದ ದಿನಕ್ಕೆ ಐದು ಗಂಟೆ ಪೂರ್ಣ ಬಿಸಿಲೆಂದು ಇಟ್ಟುಕೊಂಡರೂ 200 ವ್ಯಾಟ್‌ಗಂಟೆ ಸಿಗದು. 140 ಸಿಕ್ಕರೆ ಲಾಭ. 9 ವ್ಯಾಟಿನ ಎರಡು ದೀಪ ಐದು ಗಂಟೆ ಉರಿದರೆ 90 ಆಯಿತು. ಉಳಿದದ್ದು ಮೊಬೈಲಿಗೆ, ಮೋಡದ ದಿನಕ್ಕೆ. ಫ್ಯಾನು, ಟಿ.ವಿ. ಅಂತ ಹೊರಟರೆ ಹಾಸಿಗೆ ಸಾಲದು.

ಪರೀಕ್ಷೆ ಕಷ್ಟವೇನಲ್ಲ. ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ, ಊರಿಗೊಂದಿದ್ದರೂ ಸಾಕು. ಚೆನ್ನಾದ ಬಿಸಿಲಿನ ಮಧ್ಯಾಹ್ನ, ಫಲಕವನ್ನು ಒರೆಸಿ, ಬ್ಯಾಟರಿಯ ತಂತಿ ಬಿಡಿಸಿ, ಫಲಕದ ವೋಲ್ಟೇಜು ನೋಡಿ. '12 ವೋಲ್ಟಿನ' ಫಲಕ ಬರಿದಾಗಿದ್ದಾಗ 20, 21 ವೋಲ್ಟ್ ತೋರಿಸಬೇಕು. ಆಮೇಲೆ ಮೀಟರಿನ ತಂತಿಯನ್ನು 10 ಆಂಪಿಯರಿನ ರಂಧ್ರಕ್ಕೆ ಬದಲಾಯಿಸಿ, ಫಲಕದ ಎರಡು ತುದಿಗೆ ಹಿಡಿದು ಪ್ರವಾಹ ನೋಡಿ. 40 ವ್ಯಾಟಿನದು ಎರಡು ಆಂಪಿಯರಿನ ಮೇಲೆ ಇರಬೇಕು. ಈ ಪ್ರವಾಹದ ಪರೀಕ್ಷೆಯನ್ನು ಬ್ಯಾಟರಿಗೆ ಮಾತ್ರ ಎಂದೂ ಮಾಡಬೇಡಿ, ಕೈ ಸುಟ್ಟೀತು! ಬ್ಯಾಟರಿಗೆ ವೋಲ್ಟೇಜು ಮಾತ್ರ: ಎರಡು ಗಂಟೆ ಸುಮ್ಮನೆ ಬಿಟ್ಟು ನೋಡಿದಾಗ 12.7 ಇದ್ದರೆ ತುಂಬಿದೆ, 12.2 ಆದರೆ ಅರ್ಧ ಖಾಲಿ. ಇಷ್ಟನ್ನೂ ಬೆಳಗ್ಗೆ, ಮಧ್ಯಾಹ್ನ, ಮೂರು ಗಂಟೆಗೆ, ಹೀಗೆ ಹೊತ್ತುಹೊತ್ತಿಗೆ ಬರೆದಿಡಿ.

ಇನ್ನೊಂದು ಎಚ್ಚರಿಕೆ. 2024ರಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯ ಸಹಾಯಧನದಿಂದ ಎಷ್ಟೋ ಜನ ಮಾಳಿಗೆಗೆ ದೊಡ್ಡ ಫಲಕ ಹಾಕಿಸಿದ್ದಾರೆ. ಒಳ್ಳೇದೇ. ಆದರೆ ಬ್ಯಾಟರಿಯಿಲ್ಲದೆ ಸರ್ಕಾರಿ ತಂತಿಗೆ ಜೋಡಿಸಿದ ಫಲಕ, ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್ನನ ಪ್ರಾಣಕ್ಕಾಗಿ ಇಟ್ಟ ಏರ್ಪಾಡು ಅದು. ಬಿಲ್ಲು ಇಳಿಸುವುದು ಬೇರೆ, ಕತ್ತಲಿಗೆ ದೀಪ ಕೊಡುವುದು ಬೇರೆ.

ಕೊನೆಗೆ ಆ ರೈತರ ಮನೆಗೆ ಮೀಟರು ಹಿಡಿದು ಹೋದೆ. ಮಧ್ಯಾಹ್ನ ಹನ್ನೆರಡಕ್ಕೆ ಪ್ರವಾಹ 2.2 ಆಂಪಿಯರ್. ಫಲಕ ನಿರ್ದೋಷಿ! ಎರಡೂವರೆಗೆ ನೋಡಿದರೆ 0.3. ತಲೆ ಎತ್ತಿದೆ. ಹಿತ್ತಲ ನುಗ್ಗೆಮರ ಮಳೆಗಾಲದಲ್ಲಿ ಚಿಗುರಿ, ಅದರ ಒಂದು ಕೊಂಬೆಯ ನೆರಳು ಫಲಕದ ಒಂದು ಮೂಲೆಗೆ ಬಿದ್ದಿತ್ತು. ಮೂಲೆಗೆ ಮಾತ್ರ ನೆರಳು ಬಿದ್ದರೆ ಇಷ್ಟೇಕೆ ನಷ್ಟ ಅಂತೀರಾ? ಕೋಶಗಳು ಒಂದರ ಬೆನ್ನಿಗೊಂದು ಸರಪಣಿಯಾಗಿ ನಿಂತಿರುತ್ತವೆ. ಕಾಲುವೆಗೆ ಒಂದು ಕಡೆ ಮಣ್ಣು ಕುಸಿದರೆ ಕೆಳಗಿನ ಗದ್ದೆಗೆಲ್ಲ ನೀರು ನಿಂತ ಹಾಗೆ. ದಿನವೂ ಅರೆಹೊಟ್ಟೆಯಲ್ಲಿ ಉಳಿದ ಬ್ಯಾಟರಿ ಒಳಗೇ ಸವೆದು ಹಾಳಾಗಿತ್ತು.

ಕೊಂಬೆ ಕಡಿಸಿದೆವು. ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ ಸುಮಾರು ಹದಿನೈದು ಡಿಗ್ರಿ ವಾಲಿಸಿ ಕೂರಿಸಿದೆವು. ಬ್ಯಾಟರಿ ಮಾತ್ರ ಹೊಸದೇ ಬೇಕಾಯಿತು. ಅದಕ್ಕೆ ಇನ್ನೊಂದು ಕುರಿ ಹೋಯಿತು. ಈಗ ದೀಪ ರಾತ್ರಿ ಹತ್ತರವರೆಗೂ ಉರಿಯುತ್ತದೆ. ಆದರೆ ಪರೀಕ್ಷೆಯ ಆ ದಿನಗಳು ಮರಳಿ ಬರುವಂತಿಲ್ಲ. ಫಲಕ ಕಟ್ಟಿದ ದಿನವೇ ನಾನು ಒಂದು ದಿನ ಅಲ್ಲಿ ಕೂತು, ಮೂರು ಹೊತ್ತು ಅಳೆದು, ಮರದ ಕಡೆ ಒಮ್ಮೆ ನೋಡಿದ್ದರೆ ಆ ಹುಡುಗಿಗೆ ಮೇಣದ ಬತ್ತಿ ಬೇಕಾಗುತ್ತಿರಲಿಲ್ಲ.

ಆದ್ದರಿಂದ ಬಾಂಧವರೇ, ನಾನು ಹೇಳಿದೆನೆಂದು ಕೊಳ್ಳಬೇಡಿ, ಅಂಗಡಿಯವರು ಹೇಳಿದರೆಂದೂ ಕೊಳ್ಳಬೇಡಿ. ಬಿತ್ತುವ ಮುಂಚೆ ಕಾಳು ಎಣಿಸುವ ಕೈ ನಿಮ್ಮದು. ಅದೇ ಕೈಯಲ್ಲಿ ಬಿಸಿಲನ್ನೂ ಒಮ್ಮೆ ಅಳೆದು ನೋಡಿ.