ನೈದಿಲೆಯ ಪೆಟ್ಟು

ಉಜ್ಜಯಿನಿಯ ಪಟ್ಟದರಸಿಯೊಬ್ಬಳು ಕುರೂಪಿ ಮಾವುತನಿಗೆ ಒಲಿದಳು ಎಂದರೆ ಓದುಗರು ಏಕೆ ನಂಬಬೇಕು? ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನ 1209ರಲ್ಲಿ ʻಯಶೋಧರ ಚರಿತೆʼ ಬರೆಯುವಾಗ ಎದುರಿಸಿದ ಕಷ್ಟ ಇದು. ಕಥೆ ಹೊಸದಲ್ಲ. ಸೋಮದೇವ, ವಾದಿರಾಜರು ಸಂಸ್ಕೃತದಲ್ಲಿ ಅದನ್ನು ಆಗಲೇ ಹೇಳಿದ್ದರು. ನಿಷಿದ್ಧ ಕಾಮವನ್ನು ಕನ್ನಡದ ಕಂದಪದ್ಯಗಳಲ್ಲಿ ನಂಬಿಸುವುದು ಮಾತ್ರ ಜನ್ನನ ಪಾಲಿಗೆ ಬಂದ ಕೆಲಸ.

ಅವನು ಕಾರಣಗಳನ್ನು ಪಟ್ಟಿ ಮಾಡುವುದಿಲ್ಲ. ಯಶೋಧರ ಕೆಟ್ಟ ಗಂಡನಲ್ಲ, ದಾಂಪತ್ಯದಲ್ಲಿ ಬಿರುಕಿಲ್ಲ. ಇರುಳಿನಲ್ಲಿ ಆನೆಯ ಲಾಯದ ಕಡೆಯಿಂದ ಒಂದು ಹಾಡು ಕೇಳಿಬರುತ್ತದೆ, ಅಷ್ಟೆ. ಅಮೃತಮತಿ ಮೊದಲು ಸೋಲುವುದು ದನಿಗೆ. ನೋಡಿಬಂದ ಕೆಳದಿ ಅಷ್ಟಾವಂಕನ ವಿಕಾರ ರೂಪವನ್ನು ಹೇಸಿಗೆಯಿಂದ ಬಣ್ಣಿಸುವ ಹೊತ್ತಿಗೆ ಕಾಲ ಮೀರಿರುತ್ತದೆ. ಕಣ್ಣಿಗಿಂತ ಮೊದಲು ಕಿವಿಯನ್ನು ತಂದ ಈ ಕ್ರಮದಲ್ಲೇ ಜನ್ನನ ಅರ್ಧ ಗೆಲುವಿದೆ.

ಉಳಿದರ್ಧ ಒಂದು ಹೂವಿನಲ್ಲಿದೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುತ್ತಾನೆ. ಅವಳು ಅವನನ್ನೇ ಓಲೈಸುತ್ತಾಳೆ. ಹಿಂಬಾಲಿಸಿ ಬಂದ ಅರಸ ಅದನ್ನು ಕಂಡೂ ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಆಮೇಲೆ ಸರಸವೆಂಬಂತೆ ಅವನು ನೈದಿಲೆಯಿಂದ ತಟ್ಟಿದರೆ ರಾಣಿ ಮೂರ್ಛೆ ಹೋದವಳಂತೆ ಬೀಳುತ್ತಾಳೆ. ಇರುಳು ಆ ಏಟುಗಳನ್ನು ತಾಳಿದವಳು ಈಗ ಹೂವಿನ ಪೆಟ್ಟಿಗೆ ಬಿದ್ದಳು! ಅಂತಃಪುರದ ಸುಳ್ಳು ಹೀಗೆಯೇ ಇರುತ್ತದೆ ಎಂದು ನಾವು ಒಪ್ಪಿಬಿಡುತ್ತೇವೆ.

ಮುಂದೆ ಕಥೆ ಅದ್ಭುತದ ಕಡೆಗೆ ಹೊರಳುತ್ತದೆ. ಕಂಡದ್ದನ್ನು ಅರಸ ಕೆಟ್ಟ ಕನಸೆಂದು ತಾಯಿಗೆ ಹೇಳುತ್ತಾನೆ. ಶಾಂತಿಗಾಗಿ ಬಲಿಕೊಟ್ಟ ಹಿಟ್ಟಿನ ಹುಂಜ ಕೂಗುತ್ತದೆ. ರಾಣಿಯ ವಿಷಕ್ಕೆ ಸತ್ತ ಅರಸ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟುತ್ತಾರೆ. ಸಂಶೋಧನೆಯ ಮೊದಲ ವರ್ಷ ಈ ಭಾಗವನ್ನು ನಾನು ಧರ್ಮದ ತೇಪೆಯೆಂದು ಬದಿಗಿಟ್ಟಿದ್ದೆ. ಅದು ತಪ್ಪು. ಈ ಕಥೆ ಹೇಳುವವನು ಬಲಿಗೆಂದು ಹಿಡಿದು ತಂದ ಹುಡುಗ ಅಭಯರುಚಿ. ಹಿಂದೊಂದು ಜನ್ಮದಲ್ಲಿ ಅವನೇ ಯಶೋಧರ. ಪುನರ್ಜನ್ಮವಿಲ್ಲದಿದ್ದರೆ ಸತ್ತ ಗಂಡ ಆ ಇರುಳಿನ ಸಾಕ್ಷಿ ನುಡಿಯುವುದು ಹೇಗೆ? ನಂಬಲಾಗದ ಸಂಗತಿಯ ಮೇಲೆಯೇ ನಂಬುವಂಥದ್ದು ನಿಂತಿದೆ.

ಆದರೆ ಇದಕ್ಕೆ ಬೆಲೆ ತೆತ್ತವಳು ಅಮೃತಮತಿ. ಗಂಡನಿಗೆ ಮತ್ತೆ ಹುಟ್ಟಿ ಹೇಳುವ ಅವಕಾಶವಿದೆ. ಅವಳಿಗೆ ಸಿಕ್ಕಿದ್ದು ನರಕ. ರಾಣಿ ಮತ್ತು ಕೆಳದಿಯ ಗುಟ್ಟಿನ ಮಾತು ಅರಸನಿಗೆ ಹೇಗೆ ತಿಳಿಯಿತು ಎಂದು ನಾವು ಕೇಳುವುದೇ ಇಲ್ಲ. ಹೂವಿನ ಪೆಟ್ಟು ಅಷ್ಟು ನಿಜವೆನಿಸಿರುವುದರಿಂದ ಉಳಿದುದನ್ನೂ ನಂಬಿ ಅವಳ ಮೇಲೆ ತೀರ್ಪು ಕೊಟ್ಟಿರುತ್ತೇವೆ. ಗಿರೀಶ ಕಾರ್ನಾಡರು ʻಹಿಟ್ಟಿನ ಹುಂಜʼದಲ್ಲಿ ಜನ್ಮಾಂತರಗಳನ್ನು ಕೈಬಿಟ್ಟು, ಅರಸ, ತಾಯಿ, ರಾಣಿ, ಮಾವುತ ಈ ನಾಲ್ವರನ್ನೇ ರಂಗಕ್ಕೆ ತಂದರು. ಆಗ ರಾಣಿಗೂ ಬಾಯಿ ಬಂತು.

ಇಂಥ ಕಥೆ ಬರೆಯುವವರು ʻಇದು ನಡೆದೀತೇ?ʼ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಜನ್ನನನ್ನು ಓದಿದ ಮೇಲೆ ನಾನು ಇನ್ನೊಂದನ್ನೂ ಕೇಳುತ್ತೇನೆ: ಇದನ್ನು ನಂಬಿಸುತ್ತಿರುವವರು ಯಾರು?