ಬಡ ವಿದ್ಯಾರ್ಥಿಯೂ ಅವನ ಅರ್ಜಿಯೂ: ಉನ್ನತ ವಿದ್ಯೆಗೆ ದೊರೆತ ನೆರವಿನ ಚರಿತ್ರೆ

ಒಂದು ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ಬರೆಯುವಾಗ ದೇವಾಲಯದ ಕಟ್ಟಡ, ಗಂಟೆಗೋಪುರ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ ಇವೆಲ್ಲ ಮೊದಲ ಸ್ಥಾನವನ್ನು ಪಡೆಯುವುದು ಸಹಜವೇ. ಆ ಕಾರ್ಯವನ್ನು ಈ ಸಂಚಿಕೆಯಲ್ಲಿ ನನಗಿಂತ ಸಮರ್ಥರು ನೆರವೇರಿಸಿದ್ದಾರೆ. ನನ್ನ ಮನಸ್ಸಿನಲ್ಲಿರುವುದು ಬೇರೊಂದು ಚಿತ್ರ. ಪ್ರತಿ ವರ್ಷ ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ಮೇಲೆ ಗುರುನಿವಾಸದ ಜಗಲಿಯಲ್ಲಿ ಒಬ್ಬ ತಾಯಿ ಬಂದು ಕುಳಿತಿರುತ್ತಾಳೆ. ಮಗನೋ ಮಗಳೋ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಹಿಡಿದು ಪಕ್ಕದಲ್ಲಿ ನಿಂತಿರುತ್ತಾರೆ. ತಂದೆ ಅಂಗಳದಲ್ಲಿಯೇ ಉಳಿದುಬಿಡುತ್ತಾನೆ. ಕೇಳುವುದೆಂದರೆ ಅವನಿಗೆ ಸಂಕೋಚ. ಈ ಸಂಕೋಚಕ್ಕೆ ಕಾರಣವಿಲ್ಲವೆಂಬುದನ್ನು ಚರಿತ್ರೆಯ ಆಧಾರದಿಂದ ತೋರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಧರ್ಮಸಭೆಯ ಹಳೆಯ ಸಂಪ್ರದಾಯ

ಬಡವನ ಮಗನಿಗೆ ವಿದ್ಯೆಯನ್ನು ಉಚಿತವಾಗಿ ಕೊಡಬೇಕೆಂಬುದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವಲ್ಲ. 1179ರಲ್ಲಿ ಪೋಪ್ ಮೂರನೆಯ ಅಲೆಕ್ಸಾಂಡರರ ಅಧ್ಯಕ್ಷತೆಯಲ್ಲಿ ಸೇರಿದ ಮೂರನೆಯ ಲ್ಯಾಟರನ್ ಮಹಾಸಭೆಯು, ಪ್ರತಿಯೊಂದು ಪ್ರಧಾನಾಲಯವೂ ಒಬ್ಬ ಉಪಾಧ್ಯಾಯನ ಜೀವನಕ್ಕೆ ವ್ಯವಸ್ಥೆ ಮಾಡಬೇಕೆಂದೂ ಆತನು ಬಡ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದೆ ಪಾಠ ಹೇಳಬೇಕೆಂದೂ ವಿಧಿಸಿತು. ಆದರೆ 1215ರಲ್ಲಿ ಸೇರಿದ ನಾಲ್ಕನೆಯ ಲ್ಯಾಟರನ್ ಮಹಾಸಭೆಯು, ಈ ವಿಧಿಯನ್ನು ಅನೇಕ ದೇವಾಲಯಗಳು ಪಾಲಿಸುತ್ತಿಲ್ಲವೆಂದು ಒಪ್ಪಿಕೊಂಡು ಅದನ್ನು ಮತ್ತೊಮ್ಮೆ ಸಾರಬೇಕಾಯಿತು. ಕಾಗದದ ಮೇಲಿನ ಸೌಲಭ್ಯ ಬಡವನ ಕೈ ಸೇರುವುದು ಅಂದೂ ಸುಲಭವಾಗಿರಲಿಲ್ಲ.

ಫ್ರಾನ್ಸ್ ದೇಶದ ಸೋರ್ಬಾನ್ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ ಜನಿಸಿದ ರಾಬರ್ಟ್ ಎಂಬ ಗುರು, ಸಂತ ಒಂಬತ್ತನೆಯ ಲೂಯಿ ಅರಸನ ಆಶ್ರಯವನ್ನು ಪಡೆದು, ದೇವಶಾಸ್ತ್ರವನ್ನು ಅಭ್ಯಸಿಸಲು ಪ್ಯಾರಿಸಿಗೆ ಬರುವ ಬಡ ವಿದ್ಯಾರ್ಥಿಗಳಿಗಾಗಿ 1257ರಲ್ಲಿ ಒಂದು ವಿದ್ಯಾನಿಲಯವನ್ನು ಸ್ಥಾಪಿಸಿದನು. ಮುಂದೆ ಜಗತ್ಪ್ರಸಿದ್ಧವಾದ ಸೋರ್ಬಾನ್ ವಿದ್ಯಾಪೀಠದ ಮೂಲ ಇದೇ. ಲ್ಯಾಟಿನ್ ಭಾಷೆಯಲ್ಲಿ 'ಬುರ್ಸಾ' ಎಂದರೆ ಹಣದ ಚೀಲ. ಬಡ ವಿದ್ಯಾರ್ಥಿಗೆ ಊಟ ವಸತಿಗಳಿಗಾಗಿ ಸಲ್ಲುತ್ತಿದ್ದ ಹಣಕ್ಕೂ ಅದೇ ಹೆಸರಾಯಿತು. ಇಂದಿನ 'ಬರ್ಸರಿ' ಎಂಬ ಇಂಗ್ಲಿಷ್ ಪದ ಬಂದದ್ದು ಅದರಿಂದಲೇ. 1563ರಲ್ಲಿ ಟ್ರೆಂಟ್ ಮಹಾಸಭೆಯು ಗುರುಮಠಗಳನ್ನು ಸ್ಥಾಪಿಸಲು ಆಜ್ಞಾಪಿಸಿದಾಗ, ಬಡವರ ಮಕ್ಕಳನ್ನೇ ವಿಶೇಷವಾಗಿ ಆರಿಸಿಕೊಳ್ಳಬೇಕೆಂದೂ ಶ್ರೀಮಂತರ ಮಕ್ಕಳು ತಮ್ಮ ವೆಚ್ಚವನ್ನು ತಾವೇ ಭರಿಸಬೇಕೆಂದೂ ಸೂಚಿಸಿತು.

ನಾನೂ ಈ ಋಣದಿಂದ ಹೊರತಾದವನಲ್ಲ. 1889ರಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ಸ್ಟೆಫನಿ ಮತ್ತು ಜಾನ್ ಬಿಗಾರ್ ಎಂಬ ತಾಯಿ ಮಗಳು, ಧರ್ಮಪ್ರಚಾರ ಪ್ರದೇಶಗಳ ಗುರುವಿದ್ಯಾರ್ಥಿಗಳ ನೆರವಿಗಾಗಿ ಪ್ರೇಷಿತ ಸಂತ ಪೇತ್ರರ ಸಂಘವನ್ನು ಆರಂಭಿಸಿದರು. ನಮ್ಮ ದೇಶದ ಗುರುಮಠಗಳಲ್ಲಿ ಓದಿದ ನನ್ನಂತಹ ಎಷ್ಟೋ ಮಂದಿಯ ಅನ್ನ ಪುಸ್ತಕಗಳ ಹಿಂದೆ, ನಾವು ಎಂದೂ ಕಾಣದ ದಾನಿಗಳ ಕಾಣಿಕೆಯಿದೆ. ಆ ನೆರವನ್ನು ಪಡೆದುದಕ್ಕಾಗಿ ಯಾರೂ ನಮ್ಮನ್ನು ಕೀಳಾಗಿ ಕಂಡದ್ದಿಲ್ಲ.

ಶುಲ್ಕ ಬಂದ ಬಗೆ

ಹಾಗಾದರೆ ನಮ್ಮ ಗುರುಗಳೂ ಕನ್ಯಾಸ್ತ್ರೀಯರೂ ನಡೆಸುವ ಕಾಲೇಜುಗಳಲ್ಲಿ ಶುಲ್ಕವೇಕೆ ಎಂದು ಹಲವರು ಪ್ರಶ್ನಿಸುವುದುಂಟು. ಯೇಸುಸಭೆಯವರು 1548ರಲ್ಲಿ ಸಿಸಿಲಿಯ ಮೆಸ್ಸಿನಾ ನಗರದಲ್ಲಿ ಶಾಲೆಯನ್ನು ತೆರೆದಾಗ ಶುಲ್ಕವನ್ನು ಪಡೆಯಲಿಲ್ಲ. ಅರಸರೂ ನಗರಸಭೆಗಳೂ ದಾನಿಗಳೂ ಕೊಟ್ಟ ದತ್ತಿಗಳಿಂದ ಅವರ ಶಾಲೆಗಳು ನಡೆಯುತ್ತಿದ್ದವು. ಕಾಲಕ್ರಮದಲ್ಲಿ ಆ ದತ್ತಿಗಳು ನಷ್ಟವಾದವು. 1833ರಲ್ಲಿ ಪೋಪ್ ಹದಿನಾರನೆಯ ಗ್ರೆಗೊರಿಯವರು ಶುಲ್ಕ ಪಡೆಯಲು ಆ ಸಭೆಗೆ ಅನುಮತಿಯಿತ್ತರು. ನಮ್ಮ ದೇಶದಲ್ಲಿ 1854ರ ವುಡ್ ಶಿಕ್ಷಣ ಪತ್ರವು, ಸರಕಾರದ ಸಹಾಯಧನ ಬೇಕಾದ ಶಾಲೆಗಳು ಅಲ್ಪವಾದರೂ ಶುಲ್ಕವನ್ನು ವಸೂಲು ಮಾಡಬೇಕೆಂಬ ನಿಯಮವನ್ನು ತಂದಿತು.

ಯೇಸುಸಭೆಯ ಗುರುಗಳು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಆಗಮಿಸಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಬೆಂಗಳೂರಿನಲ್ಲಿ 1882ರಲ್ಲಿ ಸಂತ ಜೋಸೆಫರ ಕಾಲೇಜು ತಲೆಯೆತ್ತಿತು. 1921ರಲ್ಲಿ ಮಂಗಳೂರಿನ ಸಂತ ಆಗ್ನೆಸ್ ಕಾಲೇಜು ಹೆಣ್ಣುಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲನ್ನು ತೆರೆಯಿತು. ಅಂದಿನ ಅರ್ಜಿಯೆಂದರೆ ವಿಚಾರಣಾ ಗುರುಗಳು ಪ್ರಾಂಶುಪಾಲರಿಗೆ ಬರೆದುಕೊಡುತ್ತಿದ್ದ ಒಂದು ಚೀಟಿ ಎಂದು ಹಿರಿಯರ ಬಾಯಿಂದ ಕೇಳಿದ್ದೇನೆ. ಹುಡುಗ ಬುದ್ಧಿವಂತ, ಮನೆಯಲ್ಲಿ ಕಷ್ಟವಿದೆ ಎಂಬ ನಾಲ್ಕು ಸಾಲು. ಅರ್ಧ ಶುಲ್ಕವೋ ಪೂರ್ಣ ಶುಲ್ಕವೋ ಮಾಫಿಯಾಗುತ್ತಿತ್ತು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜಾನಾಮ್ ಎಂಬ ವಿದ್ಯಾರ್ಥಿ ತನ್ನ ಗೆಳೆಯರೊಡನೆ ಕಟ್ಟಿದ ಸಂತ ವಿನ್ಸೆಂಟ್ ದಿ ಪಾಲ್ ಸಭೆಯು, ನಮ್ಮ ಊರುಗಳಲ್ಲಿಯೂ ಸದ್ದಿಲ್ಲದೆ ಎಷ್ಟೋ ಮಕ್ಕಳ ಶುಲ್ಕವನ್ನು ಕಟ್ಟಿದೆ. ಈ ಪದ್ಧತಿಯಲ್ಲಿ ಆತ್ಮೀಯತೆಯಿತ್ತು. ಒಂದು ದೋಷವೂ ಇತ್ತು. ಗುರುಗಳ ಪರಿಚಯವಿದ್ದವನಿಗೆ ಚೀಟಿ ದೊರೆಯುತ್ತಿತ್ತು. ದೂರದ ಗುಡ್ಡದ ಮೇಲಿನ ಗೇಣಿದಾರನ ಮಗನಿಗೆ ಚೀಟಿಯೆಂಬುದು ಇದೆಯೆಂದೇ ತಿಳಿದಿರಲಿಲ್ಲ.

ದಯೆಯಿಂದ ಹಕ್ಕಿನೆಡೆಗೆ

ಒಬ್ಬರ ದಯೆಯನ್ನೇ ನಂಬಿದ ವಿದ್ಯೆ ಎಲ್ಲಿ ನಿಂತುಹೋಗಬಹುದೆಂಬುದಕ್ಕೆ ಡಾಕ್ಟರ್ ಅಂಬೇಡ್ಕರರ ಜೀವನವೇ ಸಾಕ್ಷಿ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡುಗಳಂತೆ ಮೂರು ವರ್ಷಗಳ ವಿದ್ಯಾರ್ಥಿವೇತನವನ್ನಿತ್ತು 1913ರಲ್ಲಿ ಅವರನ್ನು ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅದು ಉದಾರವಾದ ನೆರವೇ ಸರಿ. ಆದರೆ ಅವಧಿ ತೀರಿದಾಗ, ಲಂಡನ್ನಿನಲ್ಲಿ ಹಿಡಿದ ಅಭ್ಯಾಸವನ್ನು ಅರ್ಧಕ್ಕೇ ಬಿಟ್ಟು 1917ರಲ್ಲಿ ಅವರು ಹಿಂದಿರುಗಬೇಕಾಯಿತು. ಅದನ್ನು ಮುಂದುವರಿಸಲು ಸಾಧ್ಯವಾದದ್ದು 1920ರಲ್ಲಿ. ಈ ಅನುಭವವುಳ್ಳವರೇ ಮುಂದೆ ವೈಸರಾಯರ ಕಾರ್ಯಾಂಗ ಮಂಡಳಿಯ ಸದಸ್ಯರಾಗಿ ಪರಿಶಿಷ್ಟ ಜಾತಿಗಳ ಉನ್ನತ ಶಿಕ್ಷಣಕ್ಕೆ ಸರಕಾರದ ಹಣ ಬೇಕೆಂದು ಪಟ್ಟುಹಿಡಿದರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಜಾರಿಗೆ ಬಂದಿತು.

ನಮ್ಮ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿಯೇ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದ್ದರು. ಹಿಂದುಳಿದ ವರ್ಗಗಳಿಗೆ ಉದ್ಯೋಗದಲ್ಲಿ ಪಾಲು ಕೊಡಬೇಕಾದರೆ ಮೊದಲು ವಿದ್ಯೆಗೆ ನೆರವು ಬೇಕೆಂಬುದನ್ನು ಆ ಸಮಿತಿ ಮನಗಂಡಿತ್ತು. ಸ್ವಾತಂತ್ರ್ಯಾನಂತರ 1963ರಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಅದು ಬಡ್ಡಿಯಿಲ್ಲದ ಸಾಲವಾಗಿತ್ತು. ಪಡೆದವನು ಉಪಾಧ್ಯಾಯನಾದರೆ ಪ್ರತಿ ವರ್ಷದ ಸೇವೆಗೆ ಸಾಲದ ಹತ್ತರಲ್ಲೊಂದು ಭಾಗವನ್ನು ಮನ್ನಾ ಮಾಡಲಾಗುತ್ತಿತ್ತು.

ನಮ್ಮ ಸಮುದಾಯದವರು ಅರಿತಿರಬೇಕಾದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ದೊರೆಯುವುದಿಲ್ಲ. ಆದುದರಿಂದ ಆ ವಿದ್ಯಾರ್ಥಿವೇತನವೂ ಅವರಿಗಿಲ್ಲ. ಈ ನೋವು ಇಂದಿಗೂ ಉಳಿದಿದೆ. ಆದರೆ ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ, ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಬಂದವರು ಪ್ರವರ್ಗ ಒಂದರಲ್ಲಿಯೂ ಇತರ ಕ್ರೈಸ್ತರು ಮೂರು 'ಬಿ' ಪ್ರವರ್ಗದಲ್ಲಿಯೂ ಸೇರಿದ್ದಾರೆ. ಇದನ್ನು ತಿಳಿಯದೆ ಪ್ರಮಾಣಪತ್ರವನ್ನೇ ಮಾಡಿಸದ ಮನೆಗಳಿವೆ. 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದ ಬಳಿಕ, 2007-08ರಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಪ್ರಾರಂಭವಾಯಿತು. ಅದರಲ್ಲಿ ಶೇಕಡಾ 30 ಭಾಗವನ್ನು ಹೆಣ್ಣುಮಕ್ಕಳಿಗೆ ಮೀಸಲಿಡಲಾಯಿತು. ಕೊಟ್ಟದ್ದು ಸದಾ ಇರುತ್ತದೆಂದು ಭಾವಿಸಬಾರದು. ಸಂಶೋಧನ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ನಿಂತುಹೋಯಿತು. ಆಯಾ ವರ್ಷದ ಪ್ರಕಟಣೆಯನ್ನು ಆಯಾ ವರ್ಷವೇ ಓದಬೇಕು.

ಬ್ಯಾಂಕುಗಳು 2001ರಿಂದ ಒಂದು ಮಾದರಿ ಯೋಜನೆಯಂತೆ ಶಿಕ್ಷಣ ಸಾಲವನ್ನು ಕೊಡತೊಡಗಿದವು. 2009ರಲ್ಲಿ, ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ರೂಪಾಯಿಗಳನ್ನು ಮೀರದ ಕುಟುಂಬಗಳ ಮಕ್ಕಳು ವೃತ್ತಿಶಿಕ್ಷಣಕ್ಕಾಗಿ ಪಡೆದ ಸಾಲಕ್ಕೆ, ಓದಿನ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ವ್ಯವಸ್ಥೆ ಬಂದಿತು. 2024ರ ನವೆಂಬರಿನಲ್ಲಿ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ದೊರೆಯಿತು. ಆಯ್ದ ಉನ್ನತ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಆಸ್ತಿಯ ಅಡಮಾನವಿಲ್ಲದೆ ಸಾಲ ನೀಡುವುದು ಅದರ ಉದ್ದೇಶ. ಸಾಲ ಸಾಲವೇ ಎಂಬುದನ್ನು ಮಾತ್ರ ಮಕ್ಕಳೂ ಹಿರಿಯರೂ ಮರೆಯಬಾರದು. ವಿದ್ಯಾರ್ಥಿವೇತನದ ದಾರಿಗಳನ್ನೆಲ್ಲ ನೋಡಿದ ಮೇಲೆ ಸಾಲದ ಕಡೆಗೆ ತಿರುಗುವುದು ಲೇಸು.

ಒಂದು ತಪ್ಪೊಪ್ಪಿಗೆ

ಈಗ ಗುರುಗಳ ಚೀಟಿಯ ಕಾಲ ಮುಗಿದಿದೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣ, ರಾಜ್ಯದ ಜಾಲತಾಣ, ನಾಡಕಚೇರಿಯ ಆದಾಯ ಪತ್ರ, ಆಧಾರಿಗೆ ಜೋಡಣೆಯಾದ ಬ್ಯಾಂಕ್ ಖಾತೆ ಇವು ಇಂದಿನ ಬಾಗಿಲುಗಳು. ಯಂತ್ರಕ್ಕೆ ಮುಖದಾಕ್ಷಿಣ್ಯವಿಲ್ಲ, ಗುಡ್ಡದ ಮೇಲಿನ ಮನೆಗೂ ಪೇಟೆಯ ಮನೆಗೂ ಅದು ಒಂದೇ ಅಳತೆಯನ್ನಿಡುತ್ತದೆ. ಆದರೆ ಒಂದು ಅಕ್ಷರ ತಪ್ಪಿದರೂ ಅದು ಬಾಗಿಲನ್ನು ತೆರೆಯದು. ಡಿಸೋಜ ಎಂಬ ಕುಲನಾಮವನ್ನೇ ನೋಡಿರಿ. ಇಂಗ್ಲಿಷಿನಲ್ಲಿ ಬರೆಯುವಾಗ ಅದು ದೀಕ್ಷಾಸ್ನಾನದ ದಾಖಲೆಯಲ್ಲಿ ಮೇಲ್ಚಿಹ್ನೆಯೊಡನೆ, ಶಾಲೆಯ ದಾಖಲೆಯಲ್ಲಿ ಎರಡು ಪದಗಳಾಗಿ, ಆಧಾರಿನಲ್ಲಿ ಒಂದೇ ಪದವಾಗಿ ಇರುವುದುಂಟು. ನಮಗೆ ಒಬ್ಬನೇ ಹುಡುಗ, ಯಂತ್ರಕ್ಕೆ ಮೂವರು.

ಕೆಲವು ವರ್ಷಗಳ ಹಿಂದೆ, ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಒಬ್ಬ ತಾಯಿ ಇಂತಹ ಹೆಸರಿನ ತಿದ್ದುಪಡಿಗಾಗಿ ಮಗನ ದೀಕ್ಷಾಸ್ನಾನದ ಪ್ರಮಾಣಪತ್ರವನ್ನು ಕೇಳಲು ಬಂದಳು. ಹಬ್ಬದ ಸಿದ್ಧತೆಯ ಗಡಿಬಿಡಿಯಲ್ಲಿದ್ದ ನಾನು, "ಸೋಮವಾರ ಬನ್ನಿ ಅಮ್ಮಾ" ಎಂದೆ. ಅವಳು ಮರುಮಾತಿಲ್ಲದೆ, "ಆಗಲಿ ಫಾದರ್" ಎಂದು ಹೊರಟುಹೋದಳು. ಅರ್ಜಿಯ ಕೊನೆಯ ದಿನ ಶನಿವಾರವೆಂಬುದನ್ನು ನಾನು ಕೇಳಲಿಲ್ಲ. ಹೇಳುವ ಧೈರ್ಯ ಅವಳಿಗಿರಲಿಲ್ಲ. ಆ ವರ್ಷದ ನೆರವು ಹುಡುಗನಿಗೆ ತಪ್ಪಿತು. ಶುಲ್ಕಕ್ಕಾಗಿ ಮನೆಯ ಕರೆಯುವ ಹಸುವನ್ನು ಮಾರಿದರೆಂದು ತಿಂಗಳುಗಳ ನಂತರ ತಿಳಿಯಿತು. ಹತ್ತು ನಿಮಿಷಗಳಲ್ಲಿ ಬರೆದುಕೊಡಬಹುದಾಗಿದ್ದ ಕಾಗದವದು. ಲ್ಯಾಟರನ್ ಮಹಾಸಭೆಯ ವಿಧಿಯನ್ನು ಅಲಕ್ಷಿಸಿದ ದೇವಾಲಯಗಳ ಸಾಲಿನಲ್ಲಿ ಅಂದು ನಾನೂ ನಿಂತಿದ್ದೆ.

ಅಂದಿನಿಂದ ಕಚೇರಿಯಲ್ಲಿ ಪ್ರಮಾಣಪತ್ರ ಕೇಳಿ ಬಂದವರನ್ನು, "ಕೊನೆಯ ದಿನ ಯಾವಾಗ?" ಎಂದು ಮೊದಲು ವಿಚಾರಿಸುವ ರೂಢಿಯನ್ನು ಇಟ್ಟುಕೊಂಡಿದ್ದೇನೆ. ಹೆತ್ತವರಲ್ಲಿ ನನ್ನ ವಿನಂತಿಯೂ ಚಿಕ್ಕದು. ಮಗು ಹತ್ತನೆಯ ತರಗತಿಗೆ ಬರುವ ಮೊದಲೇ ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ಬಗೆಯಲ್ಲಿದೆಯೇ ಎಂದು ನೋಡಿರಿ. ಆದಾಯ ಮತ್ತು ಜಾತಿ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಮುಂಚೆಯೇ ಮಾಡಿಸಿರಿ. ಅರ್ಜಿ ಸಲ್ಲಿಸಿದ ಮೇಲೆ ಅದರ ಪ್ರತಿಯನ್ನು ಕಾಪಾಡಿರಿ. ಕಾಲೇಜಿನವರು ಅದನ್ನು ಪರಿಶೀಲಿಸಿ ಮುಂದೆ ಕಳುಹಿಸಿದರೇ ಎಂದು ಹೋಗಿ ಕೇಳಿರಿ. ಓದಿ ಉದ್ಯೋಗದಲ್ಲಿರುವ ನಮ್ಮ ಯುವಕ ಯುವತಿಯರು ಪ್ರವೇಶದ ತಿಂಗಳುಗಳಲ್ಲಿ ಭಾನುವಾರದ ಬಲಿಪೂಜೆಯ ಬಳಿಕ ಒಂದು ಗಂಟೆ ಧರ್ಮಕೇಂದ್ರದ ಕಚೇರಿಯಲ್ಲಿ ಕುಳಿತು ಅರ್ಜಿ ತುಂಬಲು ನೆರವಾದರೆ, ಅದು ಯಾವ ಕಾಣಿಕೆಗೂ ಕಡಮೆಯಲ್ಲ.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಕಲ್ಲು ಮರಳು ಹೊತ್ತು ಈ ದೇವಾಲಯವನ್ನು ಕಟ್ಟಿದರು. ಅವರಲ್ಲಿ ಅನೇಕರಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಹಳೆಯ ದಾಖಲೆಪುಸ್ತಕಗಳಲ್ಲಿರುವ ಹೆಬ್ಬೆಟ್ಟಿನ ಗುರುತುಗಳು ಇಂದಿಗೂ ಮಾಸಿಲ್ಲ. ಅವರ ಮರಿಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಲು ಕೇಳುವ ನೆರವು ಭಿಕ್ಷೆಯೆಂದು ಯಾರೂ ಭಾವಿಸದಿರಲಿ. ಅಂಗಳದಲ್ಲಿ ನಿಂತ ಆ ತಂದೆಯೂ ಈ ಸಲ ಜಗಲಿಯನ್ನು ಹತ್ತಿ ಬರಲಿ. ಅವನಿಗಾಗಿ ಒಂದು ಕುರ್ಚಿಯನ್ನು ಇಟ್ಟಿರುತ್ತೇನೆ.