ಒಂದು ಟಿಕೆಟ್, ಇಪ್ಪತ್ತೊಂದು ದೇಶ

1739ರ ಮಾರ್ಚ್ ಕೊನೆಯಲ್ಲಿ ಇಬ್ಬರು ಗೆಳೆಯರು ಇಂಗ್ಲೆಂಡಿನ ಡೋವರ್ ಬಂದರಿನಿಂದ ಫ್ರಾನ್ಸಿಗೆ ಹಡಗು ಹತ್ತಿದರು. ಹೊರೇಸ್ ವಾಲ್‌ಪೋಲ್‌ಗೆ ಆಗ 21 ವರ್ಷ, ಥಾಮಸ್ ಗ್ರೇಗೆ 22. ಈಟನ್ ಶಾಲೆಯಲ್ಲೂ ಆಮೇಲೆ ಕೇಂಬ್ರಿಜ್‌ನಲ್ಲೂ ಒಟ್ಟಿಗೆ ಓದಿದವರು. ವಾಲ್‌ಪೋಲ್‌ನ ತಂದೆ ಇಂಗ್ಲೆಂಡಿನ ಪ್ರಧಾನಿ. ಗ್ರೇಯ ತಾಯಿ ಹೆಂಗಸರ ಟೋಪಿಗಳ ಅಂಗಡಿ ನಡೆಸಿ ಮಗನನ್ನು ಓದಿಸಿದವಳು. ಹಾಗಾಗಿ ಪ್ರವಾಸದ ಖರ್ಚೆಲ್ಲ ವಾಲ್‌ಪೋಲ್‌ನದು.

ಪ್ಯಾರಿಸ್, ರೀಮ್ಸ್, ಲಿಯಾನ್ ನೋಡಿಕೊಂಡು, ಆಲ್ಪ್ಸ್ ದಾಟಿ, ಟ್ಯೂರಿನ್, ಫ್ಲಾರೆನ್ಸ್, ರೋಮ್, ನೇಪಲ್ಸ್‌ವರೆಗೆ ಹೋದರು. ಆಲ್ಪ್ಸ್ ದಾರಿಯಲ್ಲಿ ವಾಲ್‌ಪೋಲ್‌ನ ಮುದ್ದಿನ ನಾಯಿಯನ್ನು ಹಾಡಹಗಲೇ ತೋಳವೊಂದು ಹೊತ್ತೊಯ್ಯಿತು. ಗ್ರೇಗೆ ಹಳೆಯ ಕಟ್ಟಡ, ಚಿತ್ರ, ಶಾಸನಗಳ ಹುಚ್ಚು. ವಾಲ್‌ಪೋಲ್‌ಗೆ ಔತಣ, ನೃತ್ಯಕೂಟ, ಹೊಸ ಪರಿಚಯಗಳ ಹುಚ್ಚು. ಎರಡು ವರ್ಷ ಕಳೆಯುವಷ್ಟರಲ್ಲಿ ಒಬ್ಬರ ಮುಖ ಒಬ್ಬರಿಗೆ ಸಾಕಾಗಿತ್ತು. 1741ರಲ್ಲಿ ಇಟಲಿಯ ರೆಜ್ಜೊ ಎಂಬ ಊರಿನಲ್ಲಿ ಜಗಳವಾಡಿ ಬೇರೆಯಾದರು. ಗ್ರೇ ತನ್ನ ದಾರಿ ಹಿಡಿದು ಮನೆಗೆ ಬಂದ. ಕೆಲವು ವರ್ಷಗಳ ಮೇಲೆ ಇಬ್ಬರೂ ರಾಜಿಯಾದರು. ಗ್ರೇ ತೀರಿಕೊಂಡ ಮೇಲೆ ವಾಲ್‌ಪೋಲ್, ತಪ್ಪು ತನ್ನದೇ, ಪ್ರಧಾನಿಯ ಮಗನೆಂಬ ಜಂಬ ತನಗಿತ್ತು ಎಂದು ಒಪ್ಪಿಕೊಂಡ.

ಗೆಳೆಯರ ಜೊತೆ ದೂರ ಪ್ರವಾಸ ಹೋದವರಿಗೆ ಈ ಜಗಳ ಹೊಸದೇನಲ್ಲ. ಇಂದು ಜರ್ಮನಿಯಲ್ಲೋ ಇಟಲಿಯಲ್ಲೋ ನೆದರ್‌ಲ್ಯಾಂಡ್ಸ್‌ನಲ್ಲೋ ಓದುತ್ತಿರುವ ನಮ್ಮ ಮಕ್ಕಳು, ಅಕ್ಕನ ಮಗಳು, ಪಕ್ಕದ ಮನೆಯ ಹುಡುಗ ಕ್ರಿಸ್‌ಮಸ್ ರಜೆಯಲ್ಲಿ ನಾಲ್ವರು ಸೇರಿ ಹೊರಡುತ್ತಾರೆ. ಹನ್ನೆರಡು ದಿನದಲ್ಲಿ ಆರು ನಗರ. ಮನೆಯ ವಾಟ್ಸಾಪ್ ಗುಂಪಿಗೆ ಒಂದು ದಿನ ಐಫೆಲ್ ಗೋಪುರ ಬರುತ್ತದೆ, ಇನ್ನೊಂದು ದಿನ ಪ್ರಾಗ್‌ನ ಸೇತುವೆ. "ಅಲ್ಲಿ ಎಲ್ಲ ಎಷ್ಟು ಸಲೀಸು" ಎಂದು ನಾವು ಉದ್ಗರಿಸುತ್ತೇವೆ. ಆದರೆ ಈ ಸಲೀಸು ತಾನಾಗಿ ಬಂದದ್ದಲ್ಲ. ಕಡಿಮೆ ದುಡ್ಡಿಗೆ ಮಲಗಲು ಜಾಗ, ಹಲವು ದೇಶಕ್ಕೆ ಒಂದೇ ಟಿಕೆಟ್, ಕಾವಲಿಲ್ಲದ ಗಡಿ, ಇವುಗಳಲ್ಲಿ ಒಂದೊಂದನ್ನೂ ಯಾರೋ ಯೋಚಿಸಿ, ಹಟ ಹಿಡಿದು ಮಾಡಿದ್ದಾರೆ. ಒಂದೊಂದೂ ನಡುವೆ ಕೈತಪ್ಪಿ ಹೋದದ್ದೂ ಇದೆ.

ಸಾಹುಕಾರರ ಮಕ್ಕಳ ಕಾಲ

ವಾಲ್‌ಪೋಲ್ ಮತ್ತು ಗ್ರೇ ಮಾಡಿದ ಪ್ರವಾಸಕ್ಕೆ ಆಗಲೇ ‘ಗ್ರ್ಯಾಂಡ್ ಟೂರ್’ ಎಂಬ ಹೆಸರಿತ್ತು. ರಿಚರ್ಡ್ ಲ್ಯಾಸೆಲ್ಸ್ 1670ರಲ್ಲಿ ಪ್ರಕಟವಾದ ತನ್ನ ಇಟಲಿ ಪ್ರವಾಸದ ಪುಸ್ತಕದಲ್ಲಿ ಆ ಮಾತನ್ನು ಬಳಸಿದ್ದ. ಇಂಗ್ಲೆಂಡಿನ ಜಮೀನ್ದಾರರು ಓದು ಮುಗಿಸಿದ ಮಗನನ್ನು ಒಬ್ಬ ಮೇಷ್ಟ್ರ ಜೊತೆ ಒಂದೆರಡು ವರ್ಷ ಯುರೋಪಿಗೆ ಕಳಿಸುತ್ತಿದ್ದರು. ಅರ್ಥಶಾಸ್ತ್ರದ ಆದ್ಯ ಎನಿಸಿಕೊಂಡ ಆ್ಯಡಂ ಸ್ಮಿತ್ ಕೂಡ 1764ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಕೆಲಸ ಬಿಟ್ಟು, ಬಕ್ಲೂ ಎಂಬ ಮನೆತನದ ಯುವ ಡ್ಯೂಕ್‌ನ ಜೊತೆ ಇಂಥ ಮೇಷ್ಟ್ರಾಗಿ ಹೊರಟ. ವರ್ಷಕ್ಕೆ 300 ಪೌಂಡ್ ಸಂಬಳ, ಆಮೇಲೆ ಜೀವನಪೂರ್ತಿ ಅಷ್ಟೇ ಪಿಂಚಣಿ. ಆದರೂ 1776ರ ತನ್ನ ಹೆಸರಾಂತ ಪುಸ್ತಕದಲ್ಲಿ, ಹೀಗೆ ಹೋದ ಹುಡುಗರು ಹೆಚ್ಚಿನ ಜಂಬ ಮತ್ತು ಕೆಟ್ಟ ಚಾಳಿ ಕಲಿತು ಮರಳುತ್ತಾರೆಂದು ಟೀಕಿಸಿದ.

ನೆಪೋಲಿಯನ್‌ನ ಯುದ್ಧಗಳು ಈ ಪ್ರವಾಸಗಳಿಗೆ ತಡೆಯಾದವು. ಶಾಂತಿ ಮರಳಿದ ಮೇಲೆ ರೈಲು ಬಂತು, ಮಧ್ಯಮ ವರ್ಗದವರೂ ಹೊರಟರು. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಮೋಹನದಾಸ ಗಾಂಧಿ ಪ್ಯಾರಿಸ್ಸಿನ ಮಹಾ ಪ್ರದರ್ಶನ ನೋಡಲು ಹೋದದ್ದು ಈ ಕಾಲದಲ್ಲೇ. ಸಸ್ಯಾಹಾರಿ ಹೋಟೆಲೊಂದರ ಜಾಗ ಹುಡುಕಿ ಕೋಣೆ ಹಿಡಿದು ಏಳು ದಿನ ಇದ್ದರು. ಕೈಯಲ್ಲಿ ನಕ್ಷೆ ಹಿಡಿದು ಊರು ಸುತ್ತಿದರು. ಐಫೆಲ್ ಗೋಪುರವನ್ನು ಎರಡು ಮೂರು ಸಲ ಹತ್ತಿದರು. ಅಷ್ಟು ಎತ್ತರದಲ್ಲಿ ಊಟ ಮಾಡಿದೆ ಎಂದು ಹೇಳಿಕೊಳ್ಳುವ ಆಸೆಗೆ ಏಳು ಷಿಲಿಂಗ್ ಕೊಟ್ಟದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಖರ್ಚಿನ ಲೆಕ್ಕ ಇಟ್ಟುಕೊಂಡು ಸುತ್ತಿದ ಭಾರತೀಯ ವಿದ್ಯಾರ್ಥಿಯ ಮೊದಮೊದಲ ಯುರೋಪ್ ಟಿಪ್ಪಣಿಗಳಲ್ಲಿ ಇದೂ ಒಂದು.

ಆ ದಿನಗಳಲ್ಲಿ ಪಶ್ಚಿಮ ಯುರೋಪಿನ ಬಹುಪಾಲು ದೇಶಗಳಲ್ಲಿ ಗಡಿ ದಾಟಲು ಪಾಸ್‌ಪೋರ್ಟ್ ಕೇಳುತ್ತಿರಲಿಲ್ಲ. ರಷ್ಯಾ ಮತ್ತು ತುರ್ಕರ ಸಾಮ್ರಾಜ್ಯ ಕೇಳುತ್ತಿದ್ದವು. ಈ ಮುಕ್ತತೆ 1914ರಲ್ಲಿ ಮುಗಿಯಿತು. ಯುದ್ಧಕಾಲದಲ್ಲಿ ಗೂಢಚಾರರ ಭಯದಿಂದ ತಂದ ತಾತ್ಕಾಲಿಕ ಕಟ್ಟಳೆ, ಯುದ್ಧ ಮುಗಿದ ಮೇಲೂ ಹೋಗಲಿಲ್ಲ. 1920ರಲ್ಲಿ ರಾಷ್ಟ್ರಸಂಘ ಪ್ಯಾರಿಸ್ಸಿನಲ್ಲಿ ಸಭೆ ಸೇರಿಸಿ ಪಾಸ್‌ಪೋರ್ಟ್ ಪುಸ್ತಕ ಹೇಗಿರಬೇಕೆಂದು ಒಂದು ಮಾದರಿ ಗೊತ್ತುಮಾಡಿತು. ನಮ್ಮ ಕಪಾಟಿನಲ್ಲಿರುವ ಪುಟ್ಟ ಪುಸ್ತಕ ಆ ಮಾದರಿಯ ಮೊಮ್ಮಗು.

ಹುಲ್ಲಿನ ಮೇಲೆ ಮಲಗಿದ ಮಕ್ಕಳು

ಬಡ ಹುಡುಗರಿಗೆ ಪ್ರವಾಸದ ಬಾಗಿಲು ತೆಗೆದವನು ಜರ್ಮನಿಯ ಒಬ್ಬ ಶಾಲಾ ಮೇಷ್ಟ್ರು, ರಿಚರ್ಡ್ ಶಿರ್ಮನ್. ಕಾರ್ಖಾನೆ ಊರಿನ ಹೊಗೆಯಲ್ಲಿ ಬೆಳೆಯುವ ಮಕ್ಕಳನ್ನು ಹೊರಗೆ ನಡೆಸಿಕೊಂಡು ಹೋಗಿ ಪಾಠ ಹೇಳುವುದು ಆತನ ರೀತಿ. 1909ರ ಆಗಸ್ಟ್ 26ರಂದು ಅಂಥ ಒಂದು ನಡಿಗೆಯಲ್ಲಿ ಗುಡುಗು ಮಳೆ ಹಿಡಿಯಿತು. ಕಡೆಗೆ ರಜೆಯಿಂದ ಖಾಲಿ ಬಿದ್ದಿದ್ದ ಹಳ್ಳಿ ಶಾಲೆಯೊಂದರಲ್ಲಿ ಹುಲ್ಲು ಹಾಸಿ ಮಕ್ಕಳನ್ನು ಮಲಗಿಸಿದ. ಆ ರಾತ್ರಿ ಆತನಿಗೆ ಹೊಳೆದದ್ದು ಬಲು ಸರಳ: ರಜೆಯಲ್ಲಿ ಊರೂರಿನ ಶಾಲೆಗಳೂ ಖಾಲಿ ಇರುತ್ತವಲ್ಲ, ಬೆಂಚು ಸರಿಸಿದರೆ ನಡೆದು ಬರುವ ಮಕ್ಕಳಿಗೆ ಮಲಗಲು ಜಾಗ ಆಗುತ್ತದೆ! ಕೆಲವೇ ವರ್ಷಗಳಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆಯಿತು. ಮರದ ಅಟ್ಟಣಿಗೆ ಮಂಚಗಳಿದ್ದ ಆ ಕೋಣೆಯನ್ನು ಈಗಲೂ ಉಳಿಸಿದ್ದಾರೆ.

1915ರ ಕ್ರಿಸ್‌ಮಸ್ ಹೊತ್ತಿಗೆ ಶಿರ್ಮನ್ ಸೈನಿಕನಾಗಿ ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿದ್ದ. ಗುಂಡಿನ ಸದ್ದು ನಿಂತ ಆ ಹೊತ್ತಿನಲ್ಲಿ ಎರಡೂ ಕಡೆಯ ಸೈನಿಕರು ಕಂದಕ ಬಿಟ್ಟು ಬಂದು ತಿಂಡಿ, ತಂಬಾಕು, ಮದ್ಯ ಹಂಚಿಕೊಂಡರು. ಬೇರೆ ಬೇರೆ ದೇಶಗಳ ಹುಡುಗರು ಹೀಗೆ ಮುಖಾಮುಖಿ ಸೇರಲು ಜಾಗಗಳಿದ್ದರೆ ಎಂಬ ಯೋಚನೆ ಆತನಲ್ಲಿ ಬೇರೂರಿತು. 1932ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹಲವು ದೇಶಗಳ ಹಾಸ್ಟೆಲ್ ಸಂಘಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಮರುವರ್ಷ ಶಿರ್ಮನ್ ಅದರ ಅಧ್ಯಕ್ಷನಾದ.

ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅಲ್ಲಿನ ಹಾಸ್ಟೆಲ್‌ಗಳೆಲ್ಲ ಹಿಟ್ಲರ್ ಯುವದಳದ ಕೈಗೆ ಹೋದವು. 1936ರಲ್ಲಿ ಶಿರ್ಮನ್ ಅಧ್ಯಕ್ಷ ಸ್ಥಾನವನ್ನೂ ಬಿಡಬೇಕಾಯಿತು. ಅಪರಿಚಿತರನ್ನು ಗೆಳೆಯರಾಗಿಸಲು ಕಟ್ಟಿದ ಮಂಚಗಳ ಮೇಲೆ, ಅಪರಿಚಿತರನ್ನು ದ್ವೇಷಿಸಲು ಕಲಿತ ಹುಡುಗರು ಮಲಗಿದರು. ಯುದ್ಧ ಮುಗಿದ ಮೇಲೆ ಈ ಕೆಲಸವನ್ನು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

27 ಪೌಂಡ್ 50 ಪೆನ್ಸಿನ ಟಿಕೆಟ್

ಮಲಗಲು ಜಾಗ ಸಿಕ್ಕಿತು. ಆದರೆ ಒಂದೊಂದು ದೇಶದ ರೈಲೂ ಬೇರೆ, ಟಿಕೆಟ್ಟೂ ಬೇರೆ. ಮುಂಬೈ-ಪುಣೆಯ ನಮ್ಮ ಹಿರಿಯರು ಬೆಂಗಳೂರಿಗೆ ಬರುವಾಗ ಮೀರಜ್‌ನಲ್ಲಿ ಬ್ರಾಡ್‌ಗೇಜ್ ಇಳಿದು ಗಂಟುಮೂಟೆ ಸಮೇತ ಮೀಟರ್‌ಗೇಜ್ ಹತ್ತುತ್ತಿದ್ದುದನ್ನು ನೆನೆದರೆ, ಫ್ರಾನ್ಸ್-ಸ್ಪೇನ್ ಗಡಿಯ ಪಾಡು ಅರ್ಥವಾಗುತ್ತದೆ. ಸ್ಪೇನಿನ ಹಳಿಯ ಅಗಲ 1668 ಮಿಲಿಮೀಟರ್, ಫ್ರಾನ್ಸಿನದು 1435. ಗಡಿಯಲ್ಲಿ ಇಳಿದು ರೈಲು ಬದಲಿಸಲೇಬೇಕಿತ್ತು.

ಯುರೋಪಿನ ಹೊರಗಿನವರಿಗಾಗಿ 1959ರಲ್ಲಿ ‘ಯುರೇಲ್’ ಪಾಸ್ ಬಂತು, 13 ದೇಶಗಳಿಗೆ. ಅಲ್ಲಿನ ಯುವಕರಿಗೆ ಅಂಥದ್ದು ಸಿಕ್ಕಿದ್ದು 1972ರಲ್ಲಿ. ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟ ಹುಟ್ಟಿದ್ದು 1922ರಲ್ಲಿ, ಯುದ್ಧ ಒಡೆದ ಖಂಡದಲ್ಲಿ ರೈಲುಗಳು ಗಡಿ ದಾಟುವಂತೆ ನಿಯಮಗಳನ್ನು ಹೊಂದಿಸಲು. ಅದರ ಐವತ್ತನೇ ವರ್ಷದ ಸಂಭ್ರಮಕ್ಕೆಂದು ‘ಇಂಟರ್‌ರೇಲ್’ ಎಂಬ ಟಿಕೆಟ್ ಹೊರಟಿತು. 21 ವರ್ಷದೊಳಗಿನವರಿಗೆ, ಒಂದು ತಿಂಗಳು, 21 ದೇಶ. ಬ್ರಿಟನ್ನಿನಲ್ಲಿ ಬೆಲೆ 27 ಪೌಂಡ್ 50 ಪೆನ್ಸ್. ಒಂದೇ ಬೇಸಿಗೆಗೆ ಎಂದುಕೊಂಡಿದ್ದರು. ಹುಡುಗ ಹುಡುಗಿಯರು ಮುಗಿಬಿದ್ದು ಕೊಂಡರು, ನಿಲ್ಲಿಸಲಾಗಲಿಲ್ಲ. ವಯಸ್ಸಿನ ಮಿತಿ 1976ರಲ್ಲಿ 23ಕ್ಕೆ, 1979ರಲ್ಲಿ 26ಕ್ಕೆ ಏರಿತು. 1998ರಲ್ಲಿ ಎಲ್ಲ ವಯಸ್ಸಿನವರಿಗೂ ಸಿಗುವಂತಾಯಿತು.

ಆ ತಲೆಮಾರಿನವರು ರಾತ್ರಿ ರೈಲಿನಲ್ಲೇ ಮಲಗಿ ಹೋಟೆಲ್ ಖರ್ಚು ಉಳಿಸಿದರು. ಬ್ರೆಡ್ಡು, ಚೀಸ್ ತಿಂದು ದಿನ ಕಳೆದರು. ಮಾರ್ಕ್, ಫ್ರ್ಯಾಂಕ್, ಲೀರಾ, ಷಿಲಿಂಗ್ ಎಂದು ದೇಶಕ್ಕೊಂದು ಹಣ ಬದಲಿಸಿ, ಪ್ರತಿ ಸಲ ಒಂದಿಷ್ಟು ಕಳೆದುಕೊಂಡರು. ಅವರ ದೊಡ್ಡ ದಾರಿಗಳಲ್ಲೊಂದು ಯುಗೊಸ್ಲಾವಿಯದ ಬೆಲ್‌ಗ್ರೇಡ್ ಮೂಲಕ ಅಥೆನ್ಸಿಗೆ ಹೋಗುತ್ತಿತ್ತು. 1991ರಲ್ಲಿ ಆ ದೇಶ ಯುದ್ಧಕ್ಕೆ ಬಿದ್ದಾಗ ಆ ಹಾದಿ ಕಡಿಯಿತು. ಗ್ರೀಸಿಗೆ ಹೋಗುವವರು ಇಟಲಿಯ ತುದಿಯ ಬ್ರಿಂಡಿಸಿಯಿಂದ ಹಡಗು ಹಿಡಿಯತೊಡಗಿದರು.

ಇದೇ ವರ್ಷಗಳಲ್ಲಿ ನಮ್ಮಲ್ಲಿಂದ ಓದಲು ಹೋದವರ ಕಥೆ ಬೇರೆ. 1960-70ರ ದಶಕಗಳಲ್ಲಿ ದೇಶ ಬಿಟ್ಟವರ ನೆನಪುಗಳಲ್ಲಿ ‘ಎಂಟು ಡಾಲರ್’ ಮತ್ತೆ ಮತ್ತೆ ಬರುತ್ತದೆ. ವಿದೇಶಿ ವಿನಿಮಯದ ಬರಗಾಲದಲ್ಲಿ ಕೈಗೆ ಸಿಗುತ್ತಿದ್ದದ್ದು ಅಷ್ಟೇ. ಅದನ್ನು ಇಟ್ಟುಕೊಂಡು ಆರು ನಗರ ಸುತ್ತುವ ಮಾತು ಎಲ್ಲಿಯದು? ಮಧ್ಯಮ ವರ್ಗದ ಮನೆಯೊಂದು ಬ್ಯಾಂಕಿಗೆ ಹೋಗಿ ಮಗಳ ಖರ್ಚಿಗೆ ಸುಲಭವಾಗಿ ಹೊರದೇಶಕ್ಕೆ ಹಣ ಕಳಿಸುವ ಉದಾರ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕ್ ತಂದದ್ದು 2004ರಲ್ಲಿ.

ನದಿಯ ಮೇಲೆ ಒಂದು ಸಹಿ

1984ರ ಚಳಿಗಾಲದಲ್ಲಿ ಸುಂಕದ ಕಟ್ಟೆಗಳ ವಿಳಂಬದಿಂದ ರೋಸಿಹೋದ ಲಾರಿ ಚಾಲಕರು ಫ್ರಾನ್ಸಿನ ಹೆದ್ದಾರಿಗಳನ್ನು ಅಡ್ಡಗಟ್ಟಿದರು. ಆ ಬೇಸಿಗೆಯಲ್ಲಿ ಜರ್ಮನಿಯ ಕೋಲ್ ಮತ್ತು ಫ್ರಾನ್ಸಿನ ಮಿತ್ತೆರಾಂ ತಮ್ಮ ನಡುವಿನ ಗಡಿ ತಪಾಸಣೆ ಸಡಿಲಿಸಲು ಒಪ್ಪಿದರು. ಮರುವರ್ಷ ಜೂನ್ 14ರಂದು ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ ಕೂಡ ಜೊತೆಯಾದವು. ಲಕ್ಸೆಂಬರ್ಗ್, ಫ್ರಾನ್ಸ್, ಜರ್ಮನಿ ಮೂರೂ ಕೂಡುವ ಕಡೆ ದ್ರಾಕ್ಷಿ ತೋಟಗಳ ಪುಟ್ಟ ಹಳ್ಳಿ ಷೆಂಗೆನ್. ಅದರ ಬಳಿ ಮೊಸೆಲ್ ನದಿಯಲ್ಲಿ ನಿಂತ ಹಡಗಿನಲ್ಲಿ ಐದು ದೇಶಗಳ ಪ್ರತಿನಿಧಿಗಳು ಸಹಿ ಹಾಕಿದರು. ಆಗ ಹೆಚ್ಚು ಜನ ಗಮನಿಸಲೂ ಇಲ್ಲ.

ಅದು ಜಾರಿಗೆ ಬರಲು ಹತ್ತು ವರ್ಷ ಹಿಡಿಯಿತು. ನಡುವೆ ಗಾಳಿ ಉಲ್ಟಾ ಬೀಸಿದ್ದೂ ಉಂಟು. 1986ರಲ್ಲಿ ಪ್ಯಾರಿಸ್ಸಿನಲ್ಲಿ ಸಾಲುಸಾಲು ಬಾಂಬ್ ಸ್ಫೋಟಗಳಾದಾಗ ಫ್ರಾನ್ಸ್ ಅಮೆರಿಕನ್ನರಿಗೂ ವೀಸಾ ಕಡ್ಡಾಯ ಮಾಡಿತು. ಅದೇ ವರ್ಷ ಬ್ರಿಟನ್ ಭಾರತೀಯರಿಗೆ ವೀಸಾ ಹೇರಿತು. ಕೊನೆಗೆ 1995ರ ಮಾರ್ಚ್ 26ರಂದು ಏಳು ದೇಶಗಳ ನಡುವಿನ ಗಡಿ ತಪಾಸಣೆ ನಿಂತಿತು. 2002ರಲ್ಲಿ ಯೂರೋ ನೋಟುಗಳು ಬಂದವು. ಈಗ ಷೆಂಗೆನ್ ವಲಯದಲ್ಲಿ 29 ದೇಶಗಳಿವೆ.

ಇಷ್ಟರಲ್ಲೇ ವಿದ್ಯಾರ್ಥಿಗಳಿಗೆಂದು ಇನ್ನೊಂದು ದಾರಿ ತೆರೆದಿತ್ತು. ಸೋಫಿಯಾ ಕೊರ್ರಾದಿ ಎಂಬ ಇಟಲಿಯ ಹುಡುಗಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು 1958ರಲ್ಲಿ ರೋಮ್‌ಗೆ ಮರಳಿದಾಗ, ಅವಳ ವಿಶ್ವವಿದ್ಯಾಲಯ ಆ ಓದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆ ಅವಮಾನವನ್ನು ಆಕೆ ಮರೆಯಲಿಲ್ಲ. ಒಂದು ದೇಶದಲ್ಲಿ ಓದಿದ್ದು ಇನ್ನೊಂದರಲ್ಲಿ ಸಲ್ಲಬೇಕೆಂದು ದಶಕಗಳ ಕಾಲ ಪಟ್ಟು ಹಿಡಿದರು. 1987ರಲ್ಲಿ 11 ದೇಶಗಳ 3,244 ವಿದ್ಯಾರ್ಥಿಗಳೊಂದಿಗೆ ‘ಎರಾಸ್ಮಸ್’ ಯೋಜನೆ ಶುರುವಾಯಿತು. 2004ರಲ್ಲಿ ಬಂದ ‘ಎರಾಸ್ಮಸ್ ಮುಂಡಸ್’ ಎರಡು ಮೂರು ದೇಶಗಳಲ್ಲಿ ಓದಿ ಒಂದು ಸ್ನಾತಕೋತ್ತರ ಪದವಿ ಪಡೆಯುವ ಅವಕಾಶವನ್ನು ಹೊರಗಿನವರಿಗೂ ಕೊಟ್ಟಿತು. ಅದರಲ್ಲಿ ಹೋದ ಭಾರತೀಯರು ಬಹಳ ಮಂದಿ.

ಒಳಗೆ ಬಯಲು, ಹೊರಗೆ ಗೋಡೆ

ಒಳಗಿನ ಬಾಗಿಲುಗಳನ್ನು ತೆಗೆದ ಒಪ್ಪಂದವೇ ಹೊರಗಿನ ಬಾಗಿಲನ್ನು ಬಿಗಿ ಮಾಡಿತು. ಒಂದು ದೇಶ ಒಳಗೆ ಬಿಟ್ಟವನು ಎಲ್ಲ ದೇಶಗಳಿಗೂ ಹೋಗಬಹುದಾದ್ದರಿಂದ, ಮೊದಲ ಬಾಗಿಲಲ್ಲೇ ಎಲ್ಲರ ಪರವಾಗಿ ತಪಾಸಣೆ. ವೀಸಾ ಕಚೇರಿಯ ಮುಂದೆ ಬ್ಯಾಂಕ್ ಸ್ಟೇಟ್‌ಮೆಂಟ್, ವಿಮೆ, ಹೋಟೆಲ್ ಬುಕಿಂಗ್ ಹಿಡಿದು ನಿಲ್ಲುವ ನಮಗೆ ಕಾಣುವುದು ಆ ಗೋಡೆ. ಅಲ್ಲಿ ಓದುವ ಮಗಳಿಗೆ ಕಾಣುವುದು ಬಯಲು. ಜರ್ಮನಿಯ ನಿವಾಸ ಪರವಾನಗಿ ಇದ್ದರೆ ಉಳಿದ ಷೆಂಗೆನ್ ದೇಶಗಳಲ್ಲಿ ಅವಳು 180 ದಿನಗಳಲ್ಲಿ 90 ದಿನ ಬೇರೆ ವೀಸಾ ಇಲ್ಲದೆ ಸುತ್ತಬಹುದು. ಎರಡೂ ಒಂದೇ ಸಹಿಯ ಎರಡು ಮಗ್ಗುಲು.

ಆ ಬಯಲಿಗೂ ಈಗ ಅಲ್ಲಲ್ಲಿ ಬೇಲಿ ಬಿದ್ದಿದೆ. 2015ರಲ್ಲಿ ನಿರಾಶ್ರಿತರು ದೊಡ್ಡ ಸಂಖ್ಯೆಯಲ್ಲಿ ಬಂದಾಗ ಜರ್ಮನಿ ಆಸ್ಟ್ರಿಯಾ ಗಡಿಯಲ್ಲಿ ತಪಾಸಣೆ ತಂದಿತು. ಅದೇ ನವೆಂಬರಿನ ಪ್ಯಾರಿಸ್ ದಾಳಿಯ ಹೊತ್ತಿಗೆ ಫ್ರಾನ್ಸ್ ಕೂಡ ತಂದಿತು. 2020ರಲ್ಲಿ ಕೋವಿಡ್ ಬಂದು ಗಡಿಗಳೆಲ್ಲ ಒಮ್ಮೆಲೇ ಮುಚ್ಚಿದವು. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ನಡೆಸಿದೆ. ತಾತ್ಕಾಲಿಕ ಎಂದೇ ಪ್ರತಿ ಸಲ ಹೇಳುವುದು. 1914ರಲ್ಲೂ ಹಾಗೆಯೇ ಹೇಳಿದ್ದರು.

ಆದ್ದರಿಂದ ಮುಂದಿನ ರಜೆಗೆ ಹೊರಡುವ ಮಕ್ಕಳಿಗೆ, ಬಿಸಿ ಬಟ್ಟೆ ಇಟ್ಟುಕೋ ಎನ್ನುವುದರ ಜೊತೆಗೆ ಇನ್ನೆರಡು ಮಾತು ಹೇಳಿ. ಲಂಡನ್ ಮತ್ತು ಡಬ್ಲಿನ್ ಷೆಂಗೆನ್‌ಗೆ ಸೇರಿಲ್ಲ, ಅಲ್ಲಿಗೆ ಬೇರೆ ವೀಸಾ ಬೇಕು. ಪಾಸ್‌ಪೋರ್ಟನ್ನೂ ನಿವಾಸ ಕಾರ್ಡನ್ನೂ ರೂಮಿನಲ್ಲಿ ಬಿಟ್ಟು ಹೊರಡಬಾರದು. ಸಾಲ್ಜ್‌ಬರ್ಗ್‌ನಿಂದ ಮ್ಯೂನಿಕ್ ಕಡೆಗೆ ಹೊರಟ ರೈಲು ಗಡಿ ದಾಟಿದ ಕೂಡಲೇ ಫ್ರೈಲಾಸಿಂಗ್ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಅಲ್ಲಿ ಪೊಲೀಸರು ಡಬ್ಬಿ ಹತ್ತಿ ಕಾಗದ ಕೇಳಬಹುದು.